ಬಂಕಿನ ಒಂದು ಪ್ರಶ್ನೆ, ನೂರು ವರ್ಷದ ಲೆಕ್ಕ

ಬಂಕಿಗೆ ಹೋದಾಗ "ನಾರ್ಮಲ್ಲಾ, ಪ್ರೀಮಿಯಮ್ಮಾ?" ಅಂತ ಕೇಳ್ತಾರಲ್ವಾ, ನೀವೇನು ಹೇಳ್ತೀರಾ? ನಾನಂತೂ ಜೇಬು ನೋಡ್ಕೊಂಡು "ನಾರ್ಮಲ್" ಅಂತೀನಿ. ಆದ್ರೆ ಈ ಪ್ರಶ್ನೆ ಹಿಂದೆ ಒಂದು ದೊಡ್ಡ ಕಥೆ ಇದೆ. ಬಿಕಾಂನವರು ತಪ್ಪದೇ ಓದಿ.

1/4
ಸ್ಪಾರ್ಕ್ ಪ್ಲಗ್ ಹಚ್ಚಿದ ಬೆಂಕಿ ತಲುಪೋ ಮುಂಚೆನೇ ಎಂಜಿನ್ ಒಳಗಿನ ಪೆಟ್ರೋಲ್ ತಾನಾಗೇ ಹೊತ್ತಿಕೊಂಡ್ರೆ ಟಕಟಕ ಸದ್ದು ಬರುತ್ತೆ. ಇದೇ ನಾಕಿಂಗ್. ಅದನ್ನ ತಡೆಯೋ ಶಕ್ತಿಯ ಅಳತೆಯೇ ಆಕ್ಟೇನ್ ನಂಬರ್. 1921ರ ಡಿಸೆಂಬರ್‌ನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿದ್ದ ಥಾಮಸ್ ಮಿಡ್ಗ್ಲಿ ಇದಕ್ಕೆ ಮದ್ದು ಕಂಡುಹಿಡಿದ: ಟೆಟ್ರಾಈಥೈಲ್ ಲೆಡ್, ಅಂದ್ರೆ ಸೀಸದ ಸಂಯುಕ್ತ. ಒಂದು ಗ್ಯಾಲನ್‌ಗೆ ಕೆಲವೇ ಮಿಲಿ ಹಾಕಿದ್ರೆ ಎಂಜಿನ್ ಗಪ್‌ಚುಪ್.

2/4
ಸೀಸ ವಿಷ ಅನ್ನೋದು ಆಗಲೇ ಗೊತ್ತಿತ್ತು. ಪೆಟ್ರೋಲ್‌ಗೆ ಆಲ್ಕೋಹಾಲ್ ಬೆರೆಸಿದ್ರೂ ನಾಕಿಂಗ್ ನಿಲ್ಲುತ್ತೆ ಅಂತಾನೂ ಗೊತ್ತಿತ್ತು. ಆದ್ರೆ ಆಲ್ಕೋಹಾಲನ್ನ ಯಾರು ಬೇಕಾದ್ರೂ ತಯಾರಿಸಬಹುದು, ಅದಕ್ಕೆ ಪೇಟೆಂಟ್ ಸಿಗಲ್ಲ. ಸೀಸದ ಮದ್ದಿಗೆ ಸಿಗುತ್ತೆ! 1923ರಲ್ಲಿ ಮಾರಾಟ ಶುರುವಾಯ್ತು. ಹೆಸರು "ಈಥೈಲ್". ಅದರಲ್ಲಿ ಸೀಸ ಅನ್ನೋ ಪದದ ಸುಳಿವೇ ಇಲ್ಲ.

3/4
1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ರಿಫೈನರಿಯೊಂದರಲ್ಲಿ ಈ ದ್ರವ ತಯಾರಿಸ್ತಿದ್ದ ಐದು ಕಾರ್ಮಿಕರು ಬುದ್ಧಿಭ್ರಮಣೆಯಾಗಿ ಸತ್ತರು. ಮಿಡ್ಗ್ಲಿ ಪತ್ರಕರ್ತರ ಮುಂದೆ ಅದೇ ದ್ರವದಲ್ಲಿ ಕೈ ತೊಳೆದು, ಏನೂ ಆಗಲ್ಲ ಅಂತ ತೋರಿಸಿದ. ಹಿಂದಿನ ವರ್ಷ ಅವನೇ ಸೀಸದ ವಿಷದಿಂದ ಹುಷಾರು ತಪ್ಪಿ ರಜೆ ಹಾಕಿದ್ದ! 1925ರಲ್ಲಿ ಸರ್ಕಾರ ಕರೆದ ಸಭೆಯಲ್ಲಿ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇದನ್ನ ವಿರೋಧಿಸಿದ್ರು. ಆದ್ರೂ 1926ರಲ್ಲಿ ಮಾರಾಟ ಮತ್ತೆ ಶುರು.

4/4
ಆಮೇಲೆ ಈ ಪೆಟ್ರೋಲ್ ಇಡೀ ಪ್ರಪಂಚಕ್ಕೆ ಹರಡಿತು. ಹೊಗೆಯಲ್ಲಿ ಬರೋ ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತೆ. ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸವಿಲ್ಲದ ಪೆಟ್ರೋಲ್ ಬಂತು. 2000ದ ಫೆಬ್ರವರಿಯಿಂದ ದೇಶದ ಎಲ್ಲ ಬಂಕುಗಳಲ್ಲೂ ಅದೇ. ಅಂದ್ರೆ ನಮ್ಮ ಅಪ್ಪ ಅಮ್ಮ ಶಾಲೆಗೆ ನಡ್ಕೊಂಡು ಹೋಗ್ತಾ ಕುಡಿದಿದ್ದು ಸೀಸದ ಹೊಗೆ. ಪ್ರಪಂಚದಲ್ಲಿ ಕೊನೆಗೆ ಇದನ್ನ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ಪೂರ್ತಿ ನೂರು ವರ್ಷ!

ನಮ್ಮ ಅಕೌಂಟ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಲಾಭ ಕಂಪನಿ ಪುಸ್ತಕದಲ್ಲಿ ಬರೆದುಕೊಂಡ್ರು. ಖರ್ಚನ್ನ ಯಾವ ಪುಸ್ತಕದಲ್ಲೂ ಬರೀಲಿಲ್ಲ. ಅದನ್ನ ಕಟ್ಟಿದ್ದು ರಸ್ತೆ ಪಕ್ಕ ಉಸಿರಾಡಿದ ಮಕ್ಕಳು.

ಅವತ್ತು ಪಕ್ಕಕ್ಕೆ ತಳ್ಳಿದ ಆಲ್ಕೋಹಾಲೇ ಇವತ್ತು ಎಥನಾಲ್ ಆಗಿ ನಮ್ಮ ಪೆಟ್ರೋಲಿಗೆ ವಾಪಸ್ ಬಂದಿದೆ. ಇ20 ಅಂದ್ರೆ ಅದರಲ್ಲಿ ಶೇ. 20ರಷ್ಟು ಎಥನಾಲ್. ಹಾಗಾಗಿ ಒಂದು ಕೆಲಸ ಮಾಡಿ: ಗಾಡಿ ಜೊತೆ ಕೊಟ್ಟ ಮ್ಯಾನುಯಲ್ ತೆಗೆದು, ಎಷ್ಟು ಆಕ್ಟೇನ್ ಬೇಕು, ಇ20 ಹಾಕಬಹುದಾ ಅಂತ ನೋಡಿ. ಮ್ಯಾನುಯಲ್ ಕೇಳದೇ ಇದ್ರೆ ಜಾಸ್ತಿ ಆಕ್ಟೇನ್‌ಗೆ ದುಡ್ಡು ಸುರಿಯೋದು ಬೇಡ. ಜೊತೆಗೆ ಹೊಸ ಇಂಧನ ಯಾವುದೇ ಬಂದ್ರೂ, ಇದರ ಖರ್ಚು ಯಾರು ಕಟ್ತಾರೆ ಅಂತ ಒಂದ್ಸಲ ಕೇಳಿ.

ನಿಮ್ಮ ಮ್ಯಾನುಯಲ್‌ನಲ್ಲಿ ಏನು ಬರೆದಿದೆ? ಕಾಮೆಂಟಲ್ಲಿ ಹಾಕಿ. ಹೊಸ ಗಾಡಿ ತಗೊಂಡ ಫ್ರೆಂಡ್‌ನ ಟ್ಯಾಗ್ ಮಾಡಿ.