ಮೈಸೂರು ಚಲೋ: ಜವಾಬ್ದಾರಿ ಸರ್ಕಾರದ ಹೋರಾಟ

ಮೈಸೂರು ಸಂಸ್ಥಾನದಲ್ಲಿ ಜನರಿಗೆ ಹೊಣೆಯಾದ ಸರ್ಕಾರ ಬೇಕೆಂದು 1947ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ನಡೆದ ಜನಚಳವಳಿ. ಅರಮನೆ ಸತ್ಯಾಗ್ರಹ ಎಂಬ ಹೆಸರೂ ಇದಕ್ಕುಂಟು. ಮಂತ್ರಿಗಳು ಲೆಕ್ಕ ಒಪ್ಪಿಸಬೇಕಾದದ್ದು ಮಹಾರಾಜರಿಗೋ ಜನರಿಗೋ ಎಂಬ ಪ್ರಶ್ನೆಯೇ ಇದರ ಬೇರು. ಚಳವಳಿ ನಡೆದದ್ದು ಕೆಲವೇ ವಾರ. ಆ ಪ್ರಶ್ನೆಗೆ ಮೈಸೂರು ನಗರದಲ್ಲಿ ಆಗಲೇ ಅರವತ್ತಾರು ವರ್ಷ ವಯಸ್ಸಾಗಿತ್ತು.

ಅಹವಾಲಿನ ಕಾಲ

ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರುಗಳ ಆಡಳಿತ ಮುಗಿದು 1881ರಲ್ಲಿ ಸಂಸ್ಥಾನ ಒಡೆಯರ ಕೈಗೆ ಮರಳಿತು. ಅದೇ ವರ್ಷ ದಸರಾ ಸಮಯದಲ್ಲಿ ದಿವಾನ್ ಸಿ. ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿಸಿದರು. ಮೊದಲ ಸಭೆಗೆ ಬಂದ 144 ಮಂದಿ ತಾಲ್ಲೂಕುಗಳಿಂದ ಆರಿಸಿ ಕಳಿಸಿದ ಜಮೀನುದಾರರು ಮತ್ತು ವರ್ತಕರು. ದಿವಾನರು ವರ್ಷದ ಆಡಳಿತದ ವರದಿ ಓದುತ್ತಿದ್ದರು. ಸದಸ್ಯರು ತಮ್ಮೂರಿನ ಕೆರೆ, ರಸ್ತೆ, ಕಂದಾಯದ ಅಹವಾಲು ಮುಂದಿಡುತ್ತಿದ್ದರು. ದಿವಾನರು ಮನಸ್ಸಿಗೆ ಬಂದರೆ ಒಪ್ಪಬಹುದಿತ್ತು, ಬಾರದಿದ್ದರೆ ಬದಿಗಿಡಬಹುದಿತ್ತು. ದೇಶೀ ಸಂಸ್ಥಾನವೊಂದರಲ್ಲಿ ಇಂಥ ಸಭೆ ಸೇರಿದ್ದೇ ದೊಡ್ಡ ಹೆಜ್ಜೆ, ಅದನ್ನು ಕಡಿಮೆ ಮಾಡಿ ಹೇಳಬೇಕಾಗಿಲ್ಲ. ಆದರೆ ಬೊಕ್ಕಸದ ಬೀಗದಕೈ ಸಭೆಗೆ ಸಿಗಲಿಲ್ಲ. ಬ್ರಿಟಿಷರಿಗೆ ಕೊಡಬೇಕಾದ ವಾರ್ಷಿಕ ಪೊಗದಿ 24.5 ಲಕ್ಷ ರೂಪಾಯಿಯಿಂದ 1896ರಲ್ಲಿ 35 ಲಕ್ಷಕ್ಕೆ ಏರಿತು. ಆ ಹಣ ತೆತ್ತ ರೈತನಿಗೆ ಅದರಲ್ಲಿ ಮಾತಿರಲಿಲ್ಲ.

1891ರಲ್ಲಿ ಚುನಾವಣೆ ಬಂತು, ಮತ ಆಸ್ತಿವಂತರದಾಯಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಸೇರಿತು. ಮರುವರ್ಷವೇ ಬಂದ ಪತ್ರಿಕಾ ಕಾಯಿದೆ ಹಲವು ಪತ್ರಿಕೆಗಳ ಉಸಿರು ಕಟ್ಟಿಸಿತು. ಈ ನಗರದಲ್ಲಿ ಪ್ರಶ್ನೆ ಕೇಳುವ ಅಭ್ಯಾಸ ಉಳಿದಿದ್ದರೆ ಅದರ ದೊಡ್ಡ ಪಾಲು ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರದು (1844–1933). ಮೇಷ್ಟರಾಗಿ, ಪತ್ರಿಕೆಗಳ ಸಂಪಾದಕರಾಗಿ, ಅನಾಥಾಲಯ ಕಟ್ಟಿದವರಾಗಿ ಅವರು ಎರಡು ಮೂರು ತಲೆಮಾರಿನ ಮೈಸೂರಿಗರನ್ನು ತಿದ್ದಿದರು. ಅವರ ‘ಸಾಧ್ವಿ’ ಪತ್ರಿಕೆಯನ್ನು ಮುಂದೆ ಅಗರಂ ರಂಗಯ್ಯನವರು ನಡೆಸಿದರು.

ಬಂಗಾರ, ವಿದ್ಯುತ್ತು, ಕಾರ್ಖಾನೆ

ಅಧಿಕಾರ ಮತ್ತು ಬಂಡವಾಳದ ನಂಟು ತಿಳಿಯಬೇಕಾದರೆ ಶಿವನಸಮುದ್ರದ ವಿದ್ಯುತ್ತಿನ ದಾರಿ ನೋಡಬೇಕು. 1902ರಲ್ಲಿ ಅಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು 147 ಕಿ.ಮೀ. ಉದ್ದದ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗಳಿಗೆ, ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಗಣಿಗಳಿಗೆ. ಬೆಂಗಳೂರಿಗೆ ಬೆಳಕು ಬಂದದ್ದು 1905ರಲ್ಲಿ. ಅದೇ ಕಾವೇರಿಯ ಮಗ್ಗುಲಲ್ಲಿದ್ದ ರಾಜಧಾನಿ ಮೈಸೂರು 1908ರವರೆಗೆ ಕಾಯಿತು. ಮುಂದೆ ಕನ್ನಂಬಾಡಿ ಕಟ್ಟೆಗೆ ಕೈಹಾಕಿದಾಗಲೂ ಗಣಿಗಳಿಗೆ ತಪ್ಪದೆ ವಿದ್ಯುತ್ ಒದಗಿಸುವುದು ಒಂದು ಮುಖ್ಯ ಕಾರಣವಾಗಿತ್ತು. ಗಣಿಯ ರಾಜಧನ ಸಂಸ್ಥಾನದ ಬೊಕ್ಕಸ ತುಂಬಿತು, ಶಾಲೆ ಆಸ್ಪತ್ರೆಗಳಿಗೂ ಒದಗಿತು. ಲಾಭದ ದೊಡ್ಡ ಪಾಲು ಹಡಗು ಹತ್ತಿತು.

ವಿಶ್ವೇಶ್ವರಯ್ಯ ಮತ್ತು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ ಸರ್ಕಾರವೇ ಉದ್ಯಮಿಯಾಯಿತು. ಮೈಸೂರು ಬ್ಯಾಂಕ್ (1913), ಗಂಧದೆಣ್ಣೆ, ಸಾಬೂನು, ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ, ಭದ್ರಾವತಿಯ ಕಬ್ಬಿಣ (1923), ಮಂಡ್ಯದ ಸಕ್ಕರೆ (1933) ಒಂದರ ಹಿಂದೆ ಒಂದು ಬಂದವು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದಾಗ ಸಂಸ್ಥಾನ ಅದರಲ್ಲಿ ಪಾಲು ಹಣ ಹಾಕಿತು. ಇವೆಲ್ಲ ನಾಡಿಗೆ ಅನ್ನ ಕೊಟ್ಟ ಕೆಲಸಗಳು. ಈ ಇಬ್ಬರು ದಿವಾನರು ನಾಡಿನ ಏಳಿಗೆಗೆ ದುಡಿದದ್ದು ಎಲ್ಲರೂ ಬಲ್ಲ ವಿಷಯ. ಆದರೂ ಯಾವ ಕಾರ್ಖಾನೆ ಎಲ್ಲಿ, ಯಾರ ಜೊತೆ ಪಾಲುದಾರಿಕೆ, ನಷ್ಟವಾದರೆ ಹೊಣೆ ಯಾರದು ಎಂಬುದೆಲ್ಲ ತೀರ್ಮಾನವಾಗುತ್ತಿದ್ದದ್ದು ದಿವಾನರ ಕಚೇರಿಯಲ್ಲಿ. ಅವರನ್ನು ಇಳಿಸುವ ಅಧಿಕಾರ ಯಾವ ಸಭೆಗೂ ಇರಲಿಲ್ಲ. ಒಳ್ಳೆಯ ದಿವಾನರು ಸಿಕ್ಕಿದ್ದು ನಾಡಿನ ಅದೃಷ್ಟ. ಅದೃಷ್ಟವನ್ನು ನಂಬಿ ಆಡಳಿತ ನಡೆಸಲಾಗದು. ಬರ್ಮಾ ಇದರ ಕರಾಳ ಮುಖವನ್ನು ಮುಂದೆ ತೋರಿಸಿತು: 1990ರ ಚುನಾವಣೆಯಲ್ಲಿ ಗೆದ್ದವರಿಗೆ ಅಲ್ಲಿನ ಸೇನೆ ಅಧಿಕಾರ ಬಿಡಲಿಲ್ಲ, ಅದೇ ವರ್ಷ ತನ್ನದೇ ಹೋಲ್ಡಿಂಗ್ ಕಂಪನಿ ತೆರೆದು ದೇಶದ ವ್ಯಾಪಾರದೊಳಗೆ ಕೈಯಿಟ್ಟಿತು. ಮೈಸೂರನ್ನು ಅದಕ್ಕೆ ಹೋಲಿಸುವುದು ಅನ್ಯಾಯ. ಲೆಕ್ಕ ಕೇಳುವವರೇ ಇಲ್ಲದ ಕಡೆ ಆಳುವವನ ಗುಣವೊಂದೇ ಜನರಿಗೆ ಕಾವಲು ಎಂಬುದು ಮಾತ್ರ ಎರಡೂ ಕಡೆಗೆ ನಿಜ.

ಪಕ್ಷಗಳು, ಬಾವುಟ

1917ರಲ್ಲಿ ಬ್ರಾಹ್ಮಣೇತರರು ಕಟ್ಟಿದ ಪ್ರಜಾಮಿತ್ರ ಮಂಡಲಿ ಸರ್ಕಾರಿ ನೌಕರಿಯಲ್ಲಿ ಪಾಲು ಕೇಳಿತು. ಆ ಬೇಡಿಕೆ ಪರಿಶೀಲಿಸಲು ಮರುವರ್ಷ ಮಿಲ್ಲರ್ ಸಮಿತಿ ನೇಮಕವಾಯಿತು. ಅಧಿಕಾರ ಯಾರ ಮನೆಯವರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಎತ್ತಿದವರು ಇವರೇ. ಮುಂದಿನ ಹೋರಾಟ ಇವರಿಗೆ ಋಣಿ. ಮಂಡಲಿಯ ಪ್ರಮುಖರಲ್ಲೊಬ್ಬರು ಮೈಸೂರಿನ ಸಾಹುಕಾರ್ ಚನ್ನಯ್ಯ. ಆ ಗುಂಪು 1937ರಲ್ಲಿ ಕಾಂಗ್ರೆಸ್ಸಿನೊಳಗೆ ಬೆರೆತಾಗ ವಕೀಲರು, ಗೌಡರು, ವರ್ತಕರು ಒಂದೇ ಜಗಲಿಗೆ ಬಂದರು.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿ ಶಿವಪುರದಲ್ಲಿ ಸರ್ಕಾರದ ನಿಷೇಧ ಮುರಿದು ಕಾಂಗ್ರೆಸ್ ಧ್ವಜ ಏರಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಹೇಳಿದ ಸಾವಿನ ಲೆಕ್ಕಕ್ಕೂ ಕಾಂಗ್ರೆಸ್ ಹೇಳಿದ ಲೆಕ್ಕಕ್ಕೂ ಅಜಗಜಾಂತರವಿತ್ತು. ಬಳಿಕ ಸರ್ದಾರ್ ಪಟೇಲರು ಮತ್ತು ದಿವಾನ್ ಮಿರ್ಜಾ ನಡುವೆ ಒಪ್ಪಂದವಾಗಿ ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು. ಜವಾಬ್ದಾರಿ ಸರ್ಕಾರ ಸಿಗಲಿಲ್ಲ. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ವಿದ್ಯಾರ್ಥಿಗಳು ಜೈಲು ಕಂಡರು.

1947

ದೇಶ ಸ್ವತಂತ್ರವಾಗುವ ಹೊತ್ತಿಗೆ ಜಯಚಾಮರಾಜ ಒಡೆಯರು ಒಕ್ಕೂಟ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು. ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಅಧಿಕಾರ ಬಿಟ್ಟುಕೊಡಲು ಸಿದ್ಧರಿರಲಿಲ್ಲ. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಲಿಯ ಮೊದಲ ಅಧ್ಯಕ್ಷರಾಗಿದ್ದವರು ಅವರು. ದೆಹಲಿಯಲ್ಲಿ ತ್ರಿವರ್ಣ ಏರಿತ್ತು, ಮೈಸೂರಿನಲ್ಲಿ ದಿವಾನಗಿರಿ ಹಾಗೇ ಇತ್ತು. ಸೆಪ್ಟೆಂಬರ್ 1ರಿಂದ ಸತ್ಯಾಗ್ರಹ ಎಂದು ಕಾಂಗ್ರೆಸ್ ಘೋಷಿಸಿತು. ಅಧ್ಯಕ್ಷ ಕೆ. ಚೆಂಗಲರಾಯ ರೆಡ್ಡಿಯವರೂ ಇತರ ನಾಯಕರೂ ಸೆರೆಯಾದರು.

ನಾಯಕರು ಜೈಲು ಸೇರಿದ ಮೇಲೆ ಚಳವಳಿ ಜನರ ಕೈಗೆ ಬಂತು. ಅಂಗಡಿ ಬಾಗಿಲು ಮುಚ್ಚಿದವು, ಕಾಲೇಜುಗಳು ಬಣಗುಟ್ಟಿದವು, ಹಳ್ಳಿಗಳಿಂದ ತಂಡತಂಡವಾಗಿ ಜನ ಮೈಸೂರಿನತ್ತ ಹೊರಟರು. ‘ಆರ್ಕಾಟ್ ಬಾಯ್ಕಾಟ್’, ‘ತಂಬೂಚೆಟ್ಟಿ ಚಟ್ಟ ಕಟ್ಟಿ’ ಎಂಬ ಕೂಗು ಮಕ್ಕಳ ಬಾಯಲ್ಲೂ ಕುಣಿಯಿತು; ತಂಬೂಚೆಟ್ಟಿ ಎಂದರೆ ಮಹಾರಾಜರ ಖಾಸಗಿ ಕಾರ್ಯದರ್ಶಿ. ನಗರದಲ್ಲಿ ಸಭೆಗಳು ಸೇರುತ್ತಿದ್ದದ್ದು ಸುಬ್ಬರಾಯನಕೆರೆ ಮೈದಾನದಲ್ಲಿ. ಕೆರೆ ಮುಚ್ಚಿ ಆದ ಆ ಬಯಲು ಇಂದು ಸ್ವಾತಂತ್ರ್ಯ ಹೋರಾಟಗಾರರ ಉದ್ಯಾನ. ತಗಡೂರು ರಾಮಚಂದ್ರರಾಯರು ನಂಜನಗೂಡಿನ ಸೀಮೆಯಲ್ಲಿ ಖಾದಿಯಿಂದ ಕಟ್ಟಿದ್ದ ಜನಬಲ ಈಗ ಕೆಲಸಕ್ಕೆ ಬಂತು. ಎಚ್.ಎಸ್. ದೊರೆಸ್ವಾಮಿಯವರು ತಮ್ಮ ‘ಪೌರವಾಣಿ’ ಪತ್ರಿಕೆಗೆ ಸರ್ಕಾರದ ಕತ್ತರಿ ಬಿದ್ದಾಗ ಗಡಿ ದಾಟಿ ಹಿಂದೂಪುರದಲ್ಲಿ ಅಚ್ಚು ಹಾಕಿಸಿದರು. ಸಂಸ್ಥಾನದ ಕಾನೂನು ಅಲ್ಲಿಗೆ ತಲುಪುತ್ತಿರಲಿಲ್ಲ.

ನಗರದ ಐದು ದೀಪದ ವೃತ್ತದಲ್ಲಿ ನಡೆದದ್ದನ್ನು ಮೈಸೂರು ಮರೆತಿಲ್ಲ. ಅಲ್ಲಿನ ದೀಪದ ಕಂಬಕ್ಕೆ ತ್ರಿವರ್ಣ ಧ್ವಜ ಕಟ್ಟಲು ಹೋದ ರಾಮಸ್ವಾಮಿ ಎಂಬ ವಿದ್ಯಾರ್ಥಿ ಆ ಸೆಪ್ಟೆಂಬರ್‌ನಲ್ಲಿ ಗುಂಡಿಗೆ ಬಲಿಯಾದ. ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ತಿಂಗಳೂ ಕಳೆದಿರಲಿಲ್ಲ. ದೇಶದ ಬಾವುಟ ಏರಿಸಲು ಹೋದದ್ದಕ್ಕೆ ಒಬ್ಬ ಹುಡುಗನ ಪ್ರಾಣ ಹೋಯಿತು. ಕೋಲಾರದ ಗಣಿಗೆ ವಿದ್ಯುತ್ತು ಹೋದ ಮೇಲಷ್ಟೇ ಈ ಊರಿಗೆ ಬಂದ ಬೆಳಕಿನ ಕಂಬವದು. ಇಂದು ಆ ಜಾಗ ರಾಮಸ್ವಾಮಿ ವೃತ್ತ. ಬಸ್ಸಿನ ಕಂಡಕ್ಟರುಗಳು ದಿನಕ್ಕೆ ನೂರು ಸಲ ಕೂಗುವ ಆ ಹೆಸರು ಯಾರದೆಂದು ಹತ್ತುವ ಇಳಿಯುವ ಮಕ್ಕಳಿಗೆ ಹೇಳಬೇಕು.

ಒಪ್ಪಂದ ಮತ್ತು ಅನಂತರ

ಅಕ್ಟೋಬರ್‌ನಲ್ಲಿ ಅರಮನೆ ಮಣಿಯಿತು, ಬಂದಿಗಳು ಬಿಡುಗಡೆಯಾದರು. 25ರಂದು ಚೆಂಗಲರಾಯ ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ಎಚ್.ಸಿ. ದಾಸಪ್ಪ, ಕೆ.ಟಿ. ಭಾಷ್ಯಂ, ಟಿ. ಮರಿಯಪ್ಪ ಮೊದಲಾದವರ ಜೊತೆಗೆ ಕಾಂಗ್ರೆಸ್ಸಿನ ಹೊರಗಿನವರಿಗೂ ಸಂಪುಟದಲ್ಲಿ ಜಾಗ ಸಿಕ್ಕಿತು. ಮೊದಲಿಯಾರರು 1949ರವರೆಗೂ ದಿವಾನರಾಗಿಯೇ ಮುಂದುವರಿದರು. ಗೆಲುವು ಒಂದೇ ದಿನದಲ್ಲಿ ಪೂರ್ತಿಯಾಗಲಿಲ್ಲ. 1949ರ ನವೆಂಬರ್‌ನಲ್ಲಿ ಮಹಾರಾಜರು ಭಾರತದ ಸಂವಿಧಾನವನ್ನು ಒಪ್ಪಿ ಘೋಷಣೆ ಹೊರಡಿಸಿದರು. ಮರುತಿಂಗಳು ರಂಗಾಚಾರ್ಲು ಕೂಡಿಸಿದ್ದ ಪ್ರಜಾಪ್ರತಿನಿಧಿ ಸಭೆ ವಿಸರ್ಜನೆಯಾಯಿತು.

1952ರ ಚುನಾವಣೆಯಲ್ಲಿ ಆಸ್ತಿಯ ಹಂಗಿಲ್ಲದೆ ವಯಸ್ಕರೆಲ್ಲ ಮತ ಹಾಕಿದರು. 1956ರಲ್ಲಿ ಕೋಲಾರದ ಗಣಿಗಳನ್ನು ಮೈಸೂರು ರಾಜ್ಯ ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡಿತು. ಅಷ್ಟರಲ್ಲಿ ಮೇಲ್ಪದರದ ಬಂಗಾರವೆಲ್ಲ ತೀರಿ, ಅದಿರಿಗಾಗಿ ನೆಲದಾಳಕ್ಕೆ ಇಳಿಯಬೇಕಾಗಿತ್ತು.