ಫ್ಯಾಕ್ಸ್ ಹೋಯಿತು ಎಂದರೆ ಎಲ್ಲಿಗೆ?

1990ರಲ್ಲಿ ಕೇಂದ್ರ ಸರ್ಕಾರ ದೇಶದ ಮೊದಲ ಮೂರು ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್‌ಗಳಿಗೆ ಆರಿಸಿಕೊಂಡದ್ದು ಬೆಂಗಳೂರು, ಪುಣೆ ಮತ್ತು ಭುವನೇಶ್ವರಗಳನ್ನು. ಅಲ್ಲಿನ ರಫ್ತು ಕಂಪನಿಗಳಿಗೆ ಉಪಗ್ರಹದ ಮೂಲಕ ವಿದೇಶಕ್ಕೆ ಡೇಟಾ ಸಂಪರ್ಕ ಸಿಗತೊಡಗಿತು. ಅದೇ ಪುಣೆಯ ಭೋಸರಿ, ಪಿಂಪ್ರಿ, ಚಿಂಚ್ವಡಗಳ ಕಾರ್ಖಾನೆ ಲೋಕ ಮಾತ್ರ ಸಾಮಾನ್ಯ ಟೆಲಿಫೋನ್ ತಂತಿಯನ್ನೇ ನಂಬಿತ್ತು. ಆರ್ಡರು, ದರಪಟ್ಟಿ, ನಕ್ಷೆಗಳೆಲ್ಲ ಫ್ಯಾಕ್ಸ್ ಆಗಿ ಓಡಾಡುತ್ತಿದ್ದ ಕಾಲ ಅದು. ಟೆಂಡರಿನ ಗಡುವು ಸಂಜೆ ಐದಕ್ಕೆ ಮುಗಿಯುವುದಾದರೆ, ನಾಲ್ಕೂ ಮುಕ್ಕಾಲಿಗೆ ಕಳಿಸಿದ ಹಾಳೆ ಮುಟ್ಟಿತೋ ಇಲ್ಲವೋ ಎಂಬುದೇ ಲಾಭ ನಷ್ಟದ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಕೊಡುವ ಏರ್ಪಾಡು ಫ್ಯಾಕ್ಸ್‌ನ ಒಳಗೇ ಇತ್ತು. 1980ರ ‘ಗ್ರೂಪ್ 3’ ಮಾನದಂಡದ ಪ್ರಕಾರ ಕರೆ ಮಾಡಿದ ಯಂತ್ರ 1100 ಹರ್ಟ್ಸ್‌ನ ಸದ್ದು ಮಾಡುತ್ತದೆ, ಎತ್ತಿಕೊಂಡದ್ದು 2100 ಹರ್ಟ್ಸ್‌ನಲ್ಲಿ ಓಗೊಡುತ್ತದೆ. ಆಮೇಲೆ ಒಂದೂವರೆ ಸೆಕೆಂಡಿನ ಪರೀಕ್ಷಾ ಸಂಕೇತ ಹೋಗುತ್ತದೆ. ತಂತಿಯಲ್ಲಿ ಗದ್ದಲವಿದ್ದರೆ ಎರಡೂ ಯಂತ್ರಗಳು ಸೆಕೆಂಡಿಗೆ 9600 ಬಿಟ್‌ನಿಂದ 7200, 4800, 2400ಕ್ಕೆ ಇಳಿಯುತ್ತವೆ. ಪುಟ ಮುಗಿದ ಮೇಲೆ ಆಚೆಯ ಯಂತ್ರ ‘ಸಿಕ್ಕಿತು’ ಎನ್ನಬೇಕು. ಕಳಿಸಿದವರ ಕೈಗೆ ಬರುವ ರಸೀದಿಗೆ ಆ ಒಂದು ಮಾತೇ ಆಧಾರ.

ಮಾತಿನ ನಡುವೆ ತಂತಿ ಕರಕರ ಎಂದರೆ ಮನುಷ್ಯ ‘ಏನಂದ್ರಿ?’ ಎಂದು ಕೇಳಿ ಮುಂದುವರಿಯಬಲ್ಲ. ಫ್ಯಾಕ್ಸ್‌ಗೆ ಅಷ್ಟು ಸೈರಣೆ ಇಲ್ಲ. ಬೆಂಗಳೂರಿನ ಐಟಿಐ ಕಾರ್ಖಾನೆ ದಶಕಗಳ ಕಾಲ ತಯಾರಿಸಿದ ಸ್ಟ್ರೌಜರ್ ಎಕ್ಸ್‌ಚೇಂಜ್‌ಗಳಲ್ಲಿ ಲೋಹ ಲೋಹಕ್ಕೆ ತಾಗಿಯೇ ಕರೆ ಕೂಡಬೇಕಿತ್ತು. ಒಂದು ಸಂಪರ್ಕಬಿಂದು ಸವೆದರೂ ಅದು ಗದ್ದಲವಾಗಿ ಕೇಳುತ್ತಿತ್ತು. 1984ರಲ್ಲಿ ಹುಟ್ಟಿದ ಸಿ-ಡಾಟ್‌ನ ಡಿಜಿಟಲ್ ಎಕ್ಸ್‌ಚೇಂಜ್‌ಗಳು ಹರಡಿದಂತೆ ಈ ಕಾಟ ಕಡಿಮೆಯಾಯಿತು.

ತಂತಿ ಸುಧಾರಿಸುವ ಹೊತ್ತಿಗೆ ಫ್ಯಾಕ್ಸ್ ಕಂಪ್ಯೂಟರಿನೊಳಗೆ ಸೇರಿಕೊಂಡಿತು. ಕೆನಡಾದ ಡೆಲ್ರಿನಾ ಕಂಪನಿಯ ವಿನ್‌ಫ್ಯಾಕ್ಸ್ ಇವುಗಳಲ್ಲಿ ಹೆಸರಾದದ್ದು. 1995ರಲ್ಲಿ ಆ ಕಂಪನಿಯನ್ನು ಸಿಮ್ಯಾಂಟೆಕ್ ಕೊಂಡಿತು. ಇಂಥ ತಂತ್ರಾಂಶದಲ್ಲಿ ಮೋಡೆಮ್ ಮತ್ತು ಟೆಲಿಫೋನ್ ಲೈನ್ ಒಂದೇ ಕಂಪ್ಯೂಟರಿಗಿದ್ದರೆ ಸಾಕು. ಅದು ಹೋಸ್ಟ್. ಉಳಿದ ಮೇಜುಗಳ ಕಂಪ್ಯೂಟರುಗಳು ಕ್ಲೈಂಟ್. ಅವು ಕಚೇರಿಯ ನೆಟ್‌ವರ್ಕಿನ ಮೂಲಕ ಹೋಸ್ಟ್‌ಗೆ ಹಾಳೆ ಒಪ್ಪಿಸುತ್ತವೆ. ಒಂದು ಟೆಲಿಫೋನಿಗೆ ವರ್ಷಗಟ್ಟಲೆ ಕಾದಿದ್ದ ದೇಶಕ್ಕೆ ಇದು ಒಪ್ಪುವ ಉಪಾಯ.

ಆದರೆ ಇಲ್ಲೊಂದು ಬದಲಾವಣೆ ಸದ್ದಿಲ್ಲದೆ ಆಗಿಹೋಯಿತು: ಒಂದಿದ್ದ ಸಂಪರ್ಕ ಎರಡಾಯಿತು. ‘ಕಳಿಸಲಾಗಿದೆ’ ಎಂದು ಮೇಜಿನ ಮೇಲೆ ಕಂಡರೆ ಹೋಸ್ಟ್‌ಗೆ ಮುಟ್ಟಿದೆ ಎಂದಷ್ಟೇ ಅರ್ಥವಿರಬಹುದು. ಆಚೆಯ ಊರಿಗೆ ಮುಟ್ಟಿತೇ ಎಂಬುದು ಬೇರೆಯೇ ಪ್ರಶ್ನೆ.

ಕೆಟ್ಟಾಗ ಹುಡುಕುವ ಕ್ರಮವೂ ಅದರಿಂದ ಬದಲಾಯಿತು. ಮೊದಲು ಹೋಸ್ಟ್‌ನ ಮುಂದೆಯೇ ಕುಳಿತು ಒಂದು ಹಾಳೆ ಕಳಿಸಬೇಕು. ಹೋಗದಿದ್ದರೆ ದೋಷ ಮೋಡೆಮ್ಮಿನಲ್ಲೋ ಲೈನಿನಲ್ಲೋ ಇದೆ. ಹೋದರೆ ಕಚೇರಿಯೊಳಗಿದೆ. ಆಗಿನ ತೆಳು ಕೋಆಕ್ಸಿಯಲ್ ಕೇಬಲ್‌ನ ತುದಿಗೆ ಸಿಕ್ಕಿಸುವ 50 ಓಮ್‌ನ ಟರ್ಮಿನೇಟರ್ ಸಡಿಲವಾದರೆ ಇಡೀ ಸಾಲಿನ ಕಂಪ್ಯೂಟರುಗಳು ಮಾತು ಬಿಡುತ್ತಿದ್ದವು. ಹೋಸ್ಟ್‌ನ ವಿಳಾಸ ಬದಲಾದರೆ ಹಳೆಯದನ್ನೇ ನಂಬಿದ ಕ್ಲೈಂಟ್ ಖಾಲಿ ಬಾಗಿಲು ತಟ್ಟುತ್ತಿತ್ತು. ವಿದ್ಯುತ್ ಉಳಿಸಲೆಂದು ಹೋಸ್ಟ್ ನಿದ್ದೆಗೆ ಜಾರಿದರೆ, ಬೆಳಿಗ್ಗೆ ಸರಿಯಿದ್ದದ್ದು ಊಟದ ನಂತರ ಕೆಡುತ್ತಿತ್ತು. 2004ರ ಆಗಸ್ಟಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 2 ಫೈರ್‌ವಾಲನ್ನು ತಾನಾಗಿಯೇ ಚಾಲೂ ಮಾಡಿತು. ಪರವಾನಗಿ ಕೊಡದ ಹೊರತು, ಪಕ್ಕದ ಮೇಜಿನ ಕ್ಲೈಂಟೂ ಹೋಸ್ಟ್‌ನ ಕಣ್ಣಿಗೆ ಅಪರಿಚಿತ!

2005ರಲ್ಲಿ ವೆರಿಟಾಸ್ ಕಂಪನಿ ಸಿಮ್ಯಾಂಟೆಕ್ ಜೊತೆ ವಿಲೀನವಾದಾಗ ಪುಣೆಯಲ್ಲಿದ್ದ ಅದರ ದೊಡ್ಡ ಅಭಿವೃದ್ಧಿ ಕೇಂದ್ರವೂ ಜೊತೆಗೆ ಬಂತು. ಮರುವರ್ಷವೇ ಸಿಮ್ಯಾಂಟೆಕ್ ವಿನ್‌ಫ್ಯಾಕ್ಸ್ ಅನ್ನು ನಿಲ್ಲಿಸಿತು. ಇಮೇಲ್ ಆ ಜಾಗಕ್ಕೆ ಬಂದು ಕೂತಿತ್ತು.

ಫ್ಯಾಕ್ಸ್ ಮರೆಯಾದರೂ ಪ್ರಶ್ನೆ ಮರೆಯಾಗಲಿಲ್ಲ. 2018ರ ನವೆಂಬರ್ 21ರಂದು ಜಮ್ಮು–ಕಾಶ್ಮೀರದಲ್ಲಿ ಮೆಹಬೂಬಾ ಮುಫ್ತಿ ಸರ್ಕಾರ ರಚನೆಯ ಹಕ್ಕು ಮಂಡಿಸಿ ರಾಜಭವನಕ್ಕೆ ಪತ್ರ ಫ್ಯಾಕ್ಸ್ ಮಾಡಲು ಹೊರಟರು. ಫ್ಯಾಕ್ಸ್ ಸ್ವೀಕೃತವಾಗುತ್ತಿಲ್ಲ ಎಂದು ಪತ್ರವನ್ನು ಟ್ವಿಟರಿನಲ್ಲಿ ಹಾಕಿದರು. ಅದೇ ರಾತ್ರಿ ವಿಧಾನಸಭೆ ವಿಸರ್ಜನೆಯಾಯಿತು. ಈದ್ ರಜೆ, ಫ್ಯಾಕ್ಸ್ ನೋಡಿಕೊಳ್ಳಲು ಯಾರೂ ಇರಲಿಲ್ಲ ಎಂದು ರಾಜ್ಯಪಾಲ ಸತ್ಯಪಾಲ್ ಮಲಿಕ್ ಆಮೇಲೆ ಹೇಳಿದರು. ಎರಡು ಯಂತ್ರಗಳು ಪರಸ್ಪರ ‘ಸಿಕ್ಕಿತು’ ಎನ್ನುವುದನ್ನು 1980ರ ಮಾನದಂಡ ಕಲಿಸಿತ್ತು. ಹಾಳೆಯನ್ನು ಎತ್ತಿ ಓದುವ ಕೈ ಮಾತ್ರ ಯಾವ ಮಾನದಂಡಕ್ಕೂ ಸೇರಿರಲಿಲ್ಲ.