ಭುಜವೊಂದರ ಚರಿತ್ರೆ

ರಾಮಕೃಷ್ಣನಗರದ ನಮ್ಮ ಬೀದಿಯಂಚಿನ ಮೈದಾನದಲ್ಲಿ ಮೊನ್ನೆ ಸಂಜೆ ಹುಡುಗನೊಬ್ಬ ಮಂಡಿಗೆ ಪಟ್ಟಿ ಸುತ್ತಿಕೊಂಡು ಕುಂಟುತ್ತಲೇ ಬೌಲಿಂಗ್ ಮಾಡುತ್ತಿದ್ದ. ಅವನನ್ನು ನೋಡಿದಾಗ ಇಬ್ಬರು ನೆನಪಾದರು. ಒಬ್ಬರನ್ನು ನಾಡೇ ಬಲ್ಲದು. ಇನ್ನೊಬ್ಬನನ್ನು ನಾನೊಬ್ಬನೇ ಬಲ್ಲೆ.

ಮೊದಲನೆಯವರು ಜಾವಗಲ್ ಶ್ರೀನಾಥ್. 1969ರಲ್ಲಿ ಮೈಸೂರಿನಲ್ಲಿ ಜನಿಸಿ, ಮರಿಮಲ್ಲಪ್ಪ ಶಾಲೆಯಲ್ಲಿ ಓದಿ, ಇಲ್ಲಿಯೇ ಇಂಜಿನಿಯರಿಂಗ್ ವ್ಯಾಸಂಗ ಮಾಡಿದವರು. ಹೈದರಾಬಾದಿನ ವಿರುದ್ಧ ಆಡಿದ ತಮ್ಮ ಮೊದಲ ರಣಜಿ ಪಂದ್ಯದಲ್ಲಿಯೇ ಹ್ಯಾಟ್ರಿಕ್ ಸಾಧಿಸಿದರು. 1991ರಲ್ಲಿ ಬ್ರಿಸ್ಬೇನಿನಲ್ಲಿ ಟೆಸ್ಟ್ ಪದಾರ್ಪಣೆ ಮಾಡಿದರೂ ತವರಿನಲ್ಲಿ ಟೆಸ್ಟ್ ಆಡಲು 1994ರವರೆಗೆ ಕಾಯಬೇಕಾಯಿತು. ಕಪಿಲ್ ದೇವ್ ನಿವೃತ್ತರಾದ ಬಳಿಕ ವೇಗದ ಭಾರವೆಲ್ಲ ಇವರ ಭುಜದ ಮೇಲೆಯೇ ಬಿದ್ದಿತು. 1996ರ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ 170 ರನ್ನುಗಳ ಗುರಿಯ ಬೆನ್ನುಹತ್ತಿದ್ದ ದಕ್ಷಿಣ ಆಫ್ರಿಕಾ 105ಕ್ಕೆ ಕುಸಿಯಿತು. ಶ್ರೀನಾಥ್ 21 ರನ್ನಿಗೆ 6 ವಿಕೆಟ್ ಪಡೆದಿದ್ದರು.

ಆದರೆ ಆ ಭುಜವೂ ಮಾಂಸ, ಮೂಳೆಗಳದ್ದೇ ಅಲ್ಲವೇ? ತೋಳಿನ ಮೂಳೆಯ ಗುಂಡುತಲೆಯನ್ನು ಅದರ ಕುಳಿಯಲ್ಲಿ ಹಿಡಿದಿಡುವುದು ನಾಲ್ಕು ಸ್ನಾಯುಗಳ ಕಟ್ಟು. ಅದನ್ನು ವೈದ್ಯರು ರೊಟೇಟರ್ ಕಫ್ ಎನ್ನುತ್ತಾರೆ. ವೇಗದ ಬೌಲರನ ಒಂದೊಂದು ಎಸೆತವೂ ಅದನ್ನು ಜಗ್ಗುತ್ತದೆ. 1997ರಲ್ಲಿ ಶ್ರೀನಾಥರಿಗೆ ಪೆಟ್ಟಾದದ್ದು ಅಲ್ಲಿಯೇ. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ಶಸ್ತ್ರಚಿಕಿತ್ಸೆಯಾಯಿತು, ಆ ವರ್ಷದ ಬಹುಭಾಗ ಆಟವಿಲ್ಲದೆ ಕಳೆಯಿತು.

ಇವರ ಕಥೆ ಅಲ್ಲಿಗೆ ಮುಗಿಯಿತೆಂದು ಅಂದು ನಾನೂ ಭಾವಿಸಿದ್ದೆ. ಆದರೆ ಅವರ ಟೆಸ್ಟ್ ಜೀವನದ ಅತ್ಯುತ್ತಮ ಸಾಧನೆ ಬಂದದ್ದು ಆ ಬಳಿಕವೇ: 1999ರ ಫೆಬ್ರವರಿಯಲ್ಲಿ ಕೋಲ್ಕತ್ತಾದಲ್ಲಿ ಪಾಕಿಸ್ತಾನದ ವಿರುದ್ಧ 86 ರನ್ನಿಗೆ 8 ವಿಕೆಟ್, ಪಂದ್ಯದಲ್ಲಿ ಒಟ್ಟು 13. ಭಾರತ ಆ ಪಂದ್ಯವನ್ನು 46 ರನ್ನುಗಳಿಂದ ಸೋತಿತೆಂಬುದು ಬೇರೆ ಮಾತು. 67 ಟೆಸ್ಟ್‌ಗಳಲ್ಲಿ 236 ವಿಕೆಟ್, ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಗಳಿಸಿ, 2003ರ ವಿಶ್ವಕಪ್ ಫೈನಲ್ಲಿನೊಂದಿಗೆ ವಿರಮಿಸಿದರು.

ಇದೇ ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರರು ಬಾಲ್ಯದ ಪೋಲಿಯೋದಿಂದ ಕೃಶವಾದ ಬಲಗೈಯಿಂದಲೇ 242 ಟೆಸ್ಟ್ ವಿಕೆಟ್ ಪಡೆದದ್ದನ್ನು ತರಗತಿಯಲ್ಲಿ ನಾನು ಎಷ್ಟು ಬಾರಿ ಹೇಳಿದ್ದೇನೆಂಬುದು ನಿಮಗೆ ನೆನಪಿರಬಹುದು. 'ನೋವನ್ನು ಮೀರಿ ನಿಲ್ಲಬೇಕು' ಎಂದು ಪಾಠ ಮುಗಿಸುತ್ತಿದ್ದೆ.

ಆ ಪಾಠ ಅರ್ಧಸತ್ಯವೆಂದು ಕಲಿಸಿದವನು ಎರಡನೆಯವನು. ನನ್ನ ವಿದ್ಯಾರ್ಥಿ, ಖೋ ಖೋ ಆಟಗಾರ. ಒಮ್ಮೆ ಉಳುಕಿದ್ದ ಮಂಡಿ ಮತ್ತೆ ಊದಿಕೊಂಡಿದ್ದಾಗ, ತಾಲ್ಲೂಕು ಪಂದ್ಯದ ದಿನ, "ಆಡಲೇ ಸಾರ್?" ಎಂದು ಕೇಳಿದ. ಶಾಲೆಯ ಹೆಸರಿನ ಆಸೆಗೆ, "ಆಡಪ್ಪಾ, ಏನಾಗಲ್ಲ" ಎಂದೆ. ಗೆದ್ದೆವು. ಅವನು ಮತ್ತೆಂದೂ ಓಡಲಿಲ್ಲ.

ಶ್ರೀನಾಥರು ಮರಳಿ ಬಂದದ್ದು ನೋವನ್ನು ಕಡೆಗಣಿಸಿ ಅಲ್ಲ. ಚಿಕಿತ್ಸೆ ಪಡೆದು, ತಿಂಗಳುಗಟ್ಟಲೆ ಕಾದು. ಕಾಯುವುದೂ ಶೌರ್ಯವೆಂಬ ಆ ಭಾಗವನ್ನು ನಾನು ತರಗತಿಯಲ್ಲಿ ಹೇಳಲೇ ಇಲ್ಲ.

ಮೊನ್ನೆ ಮೈದಾನದ ಹುಡುಗನನ್ನು ಕರೆದು, "ಮೊದಲು ಡಾಕ್ಟರಿಗೆ ತೋರಿಸು ಮಗು, ಆಟ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದೆ. ಅವನು ತಲೆಯಾಡಿಸಿ ಮತ್ತೆ ಚೆಂಡು ಎತ್ತಿಕೊಂಡ. ನಾಳೆಯೂ ಹೋಗಿ ಹೇಳುತ್ತೇನೆ.